ಅಕ್ಕೋರ ಸೋಮವಾರದ ತುಂಡು

ಮೊನ್ನೆ ಹುನಗುಂದಕ್ಕೆ ಹೋಗಿದ್ದ ನಮ್ಮ ಯಜಮಾನರು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಒಂದು ಡಬ್ಬಿ ಕರದಂಟು ತಂದರು. ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಡಯೆಟ್ ಕರದಂಟು’ ಎಂದು ಬರೆದಿತ್ತು. ಓದಿದ್ದೇ ತಡ, ನನ್ನ ಮೈ ಉರಿದುಹೋಯಿತು. ಮುಚ್ಚಳ ತೆಗೆದರೆ ತುಪ್ಪದಲ್ಲಿ ಕರಿದ ಅಂಟಿನ ವಾಸನೆ, ಒಣಕೊಬ್ಬರಿ, ಗಸಗಸೆ, ಬೆಲ್ಲ... ಎಲ್ಲ ಹಳೆಯದೇ. ಹೆಸರು ಮಾತ್ರ ಹೊಸದು.

“ನಿನಗ ಡಾಕ್ಟರು ತೂಕ ಇಳಸು ಅಂದಾರಲ್ಲ, ಅದಕ್ಕ ಇದನ್ನ ಹುಡುಕಿ ತಂದೆ” ಎಂದರು ಯಜಮಾನರು, ದೊಡ್ಡ ಉಪಕಾರ ಮಾಡಿದವರಂತೆ.

“ಹೆಸರ ಬದಲ ಮಾಡಿದ್ರ ಬೆಲ್ಲ ಬೇವ ಆಗತೈತೇನ್ರಿ?” ಎಂದು ಡಬ್ಬಿಯನ್ನು ಅತ್ತ ಸರಿಸಿದೆ. ಪಾಪ, ಅವರಿಗೆ ನನ್ನ ಸಿಟ್ಟಿನ ತಲೆಬುಡ ತಿಳಿಯಲಿಲ್ಲ.

ಅವತ್ತೇ ಸಂಜೆ ಮಗಳು ಫೋನಿನಲ್ಲಿ ಒಂದು ವಿಡಿಯೋ ಕಳಿಸಿದ್ದಳು. ಯಾವುದೋ ಊರಿನ ಆಹಾರ ತಜ್ಞೆಯಂತೆ. ಸಿಹಿಯನ್ನು ಪೂರ್ತಿ ಬಿಡಬೇಡಿ, ವಾರಕ್ಕೊಮ್ಮೆ ಇಷ್ಟೇ ಎಂದು ಗೊತ್ತು ಮಾಡಿಕೊಳ್ಳಿ, ಊಟವಾದ ಮೇಲೆ ತಿನ್ನಿ, ನಿಧಾನವಾಗಿ ತಿನ್ನಿ, ಅವತ್ತು ಬೇರೆ ಏನಾದರೂ ಕಡಿಮೆ ಮಾಡಿ ಎಂದು ಆಕೆ ನಗುನಗುತ್ತ ಹೇಳುತ್ತಿದ್ದಳು. “ಎಷ್ಟ ಛಂದ ಹೇಳ್ತಾರ ನೋಡವ್ವಾ” ಎಂದಳು ಮಗಳು. ಛಂದ ಹೇಳುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಇದೇ ಮಾತನ್ನು ಹತ್ತು ವರ್ಷದ ಹಿಂದೆ ನಮ್ಮ ಬಾಜೂಮನೆಯ ಕಟ್ಟೆಯ ಮೇಲೆ ಕೂತು ಒಬ್ಬರು ಹೇಳಿದ್ದರು. ಆಗ ಇಡೀ ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತ್ತು. ನಾನೂ ನಕ್ಕಿದ್ದೆ.

ಅವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಹುನಗುಂದದ ಸುತ್ತಲಿನ ಸಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ನಿವೃತ್ತರಾದ ಮೇಲೆ ನಾವಿರುವ ವಿದ್ಯಾಗಿರಿಗೆ ಬಂದು ನಮ್ಮ ಬಾಜೂಮನೆಯಲ್ಲಿ ಇದ್ದರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಸೊಲ್ಲಾಪುರಕ್ಕೆ ಕೊಟ್ಟಿದ್ದರು. ದೊಡ್ಡ ಮೈ, ದೊಡ್ಡ ದನಿ, ಹಣೆತುಂಬ ವಿಭೂತಿ. ಓಣಿಯ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು, ಪುಕ್ಕಟೆ ಬೈಯುತ್ತಲೂ ಇದ್ದರು. ಅವರಿಗೆ ಶುಗರ್ ಇರಲಿಲ್ಲ, ಬಿಪಿ ಇರಲಿಲ್ಲ. ಇದ್ದದ್ದು ಮೊಣಕಾಲಿನ ನೋವು. ಎರಡೂ ಚಿಪ್ಪು ಸವೆದು ಹೋಗಿದ್ದವು. ಗೋಡೆ ಹಿಡಿದು, ಕುರ್ಚಿ ಹಿಡಿದು, ಕೆಲಸದವಳ ಹೆಗಲು ಹಿಡಿದು ನಡೆಯುತ್ತಿದ್ದರು.

ಆಪರೇಷನ್ ಮಾಡೋಣ, ಆದರೆ ಮೊದಲು ಹನ್ನೆರಡು ಕೆಜಿ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವತ್ತು ದವಾಖಾನೆಯಿಂದ ಬಂದವರು ನಮ್ಮ ಮನೆಯಲ್ಲೇ ಚಹಾ ಕುಡಿದರು, ಸಕ್ಕರೆ ಇಲ್ಲದೆ.

“ನೋಡ ತಂಗಿ, ನಾ ಏನ್ ಗುಡ್ಡಾ ಹತ್ತಬೇಕಾಗಿಲ್ಲ. ನನ್ನ ಬಚ್ಚಲಕ್ಕ ನಾ ಯಾರ ಹೆಗಲೂ ಹಿಡೀದಂಗ ಎದ್ದು ಹೋಗಬೇಕು. ಅಷ್ಟಾದ್ರ ನನಗ ಸಾಕು” ಎಂದರು. ಮಕ್ಕಳ ಮುಂದೆ ಬೆತ್ತ ಹಿಡಿದು ನಿಂತವರ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೇ ಮೊದಲು.

ಆಮೇಲೆ ಶುರುವಾಯಿತು ಅವರ ಪಥ್ಯ. ಅದೂ ಎಂಥ ಪಥ್ಯ! ಗಣಿತದವರಲ್ಲವೇ, ಎಲ್ಲಕ್ಕೂ ಒಂದು ಹಿಡಿತ. ಮಧ್ಯಾಹ್ನ ಎರಡು ರೊಟ್ಟಿ, ಬಟ್ಟಲು ತುಂಬ ಕಾಳಿನ ಪಲ್ಯ, ಹಸಿ ಸೌತೆಕಾಯಿ, ಮಜ್ಜಿಗೆ. ರಾತ್ರಿ ಒಂದು ರೊಟ್ಟಿ. ಸೋಮವಾರ ಮಾತ್ರ ಮಧ್ಯಾಹ್ನ ಒಂದೇ ರೊಟ್ಟಿ, ಅದರ ಬದಲು ಒಂದು ತುಂಡು ಕರದಂಟು. ಅಮೀನಗಡದಿಂದ ತರಿಸಿದ ಬಿಲ್ಲೆಯನ್ನು ಅಡಕೆ ಕತ್ತರಿಯಲ್ಲಿ ಹೆಬ್ಬೆರಳಿನಷ್ಟು ತುಂಡು ಮಾಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಊಟ ಮಾಡಿ, ಕಟ್ಟೆಗೆ ಬಂದು ಕೂತು, ಆ ಒಂದು ತುಂಡನ್ನು ಕಾಲು ತಾಸು ಮೆಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಕೈ ಎತ್ತಿ ‘ತಡಿ’ ಎನ್ನುತ್ತಿದ್ದರು.

ಓಣಿಯ ಮಂದಿ ಸುಮ್ಮನಿರುತ್ತಾರೆಯೇ? ಹೋಗುವವರು ಬರುವವರು ಒಂದೊಂದು ಬಾಣ ಬಿಟ್ಟೇ ಹೋಗುತ್ತಿದ್ದರು. “ಅಕ್ಕೋರ, ಕರದಂಟ ತಿಂದ್ರ ತೂಕ ಇಳೀತೈತೇನ್ರಿ? ನಮಗೂ ಹೇಳ್ರಿ, ನಾವೂ ತಿಂತೇವಿ!”

ಅವರು ಸಾವಕಾಶ ಬಾಯಲ್ಲಿದ್ದದ್ದನ್ನು ನುಂಗಿ ಉತ್ತರ ಕೊಡುತ್ತಿದ್ದರು. “ಪೂರ್ತಿ ಬಿಟ್ರ ಬಾಯಿ ಬಡಕೋತೈತಿ. ಬಡಕೊಂಡ ಬಾಯಿ ಕದ್ದು ಡಬ್ಬಿ ಹುಡುಕತೈತಿ. ಅದಕ್ಕ ನಾನ ಅದಕ್ಕೊಂದ ವಾರ ಗೊತ್ತ ಮಾಡೇನಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.”

ಎಂಟು ತಿಂಗಳಲ್ಲಿ ಏಳು ಕೆಜಿ ಇಳಿದರು. ಹೌದು, ಆ ಕರದಂಟು ತಿನ್ನುತ್ತಲೇ! ಕಣ್ಣಿಗೆ ಕಾಣುತ್ತಿತ್ತು. ಕುಪ್ಪಸದ ತೋಳು ಸಡಿಲಾಗಿತ್ತು. ಆದರೂ ನಾವು ಹೆಂಗಸರು ಒಪ್ಪಲಿಲ್ಲ. ನಮಗೆ ಬೇರೆಯದೇ ಒಂದು ಹೊಟ್ಟೆಯುರಿ ಇತ್ತು. ಅಕ್ಕೋರು ಯಾರ ಮನೆಯ ಕಾರ್ಯಕ್ಕೆ ಹೋದರೂ ಹೋಳಿಗೆ ಬಂದಾಗ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು. “ಮನಿಯಾಗ ಕರದಂಟ ನಡೀತೈತಿ, ನಮ್ಮನಿ ಹೋಳಿಗಿ ಸೇರಂಗಿಲ್ಲ” ಎಂದು ಓಣಿಯಲ್ಲಿ ಗುಸುಗುಸು. ನಮ್ಮ ಕಡೆ ಹೇಗೆಂದು ನಿಮಗೂ ಗೊತ್ತಲ್ಲ! ಬೇಡ ಎಂದವರಿಗೆ ಬಡಿಸದಿದ್ದರೆ ಬಡಿಸಿದವರಿಗೇ ಅವಮಾನ. ಬೇಡ ಎನ್ನುವುದನ್ನು ನಾವು ಮಾತು ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನಾಚಿಕೆ ಎಂದುಕೊಳ್ಳುತ್ತೇವೆ. ಈ ಹಾಳು ಮರ್ಯಾದೆಗೆ ಬೆಂಕಿ ಹಾಕಬೇಕು!

ಆ ವರ್ಷ ನನ್ನ ಮಗಳು ಬಸುರಿಯಾಗಿದ್ದಳು. ಕುಬಸದ ಕಾರ್ಯ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಹಸಿರು ಸೀರೆ, ಹಸಿರು ಬಳೆ, ಐದು ಸೇರು ಬೇಳೆಯ ಹೂರಣ. ಇಳಕಲ್ಲಿನಿಂದ ನನ್ನ ನಾದಿನಿ ಎರಡು ದಿನ ಮೊದಲೇ ಬಂದಿದ್ದಳು. ಅಕ್ಕೋರು ಮೆಲ್ಲಗೆ ಗೋಡೆ ಹಿಡಿದುಕೊಂಡು ಬಂದು ಮಗಳ ಉಡಿ ತುಂಬಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, “ತಂಗಿ, ಈ ಸೋಮವಾರ ನಾ ತುಂಡು ತಿಂದಿಲ್ಲ. ನಿನ್ನ ಮಗಳ ಹೋಳಿಗಿಗಂತ ಉಳಿಸೇನಿ. ಒಂದ ಹಾಕು, ಸಣ್ಣದು” ಎಂದರು.

ಇದರ ಅರ್ಥ ನನಗೆ ಅವತ್ತು ಆಗಬೇಕಿತ್ತು. ಯಾರ ಮನೆಯಲ್ಲೂ ಮುಟ್ಟದವರು ನಮ್ಮ ಮನೆಯಲ್ಲಿ ತಿನ್ನುತ್ತೇನೆ ಎಂದು ವಾರವೆಲ್ಲ ಕಾದಿಟ್ಟುಕೊಂಡು ಬಂದಿದ್ದರು. ಎಂಥ ಪ್ರೀತಿ ಅದು! ಆದರೆ ಹತ್ತು ಜನರ ನಡುವೆ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನನ್ನ ತಲೆಯಲ್ಲಿ ಆಗ ಮಣ್ಣು ತುಂಬಿತ್ತು.

ಮೊದಲು ಬಡಿಸಿದವಳು ನಾದಿನಿ. ಅವಳು ಎರಡು ಹಾಕಿದಳು. “ಒಂಟಿ ಹೋಳಿಗಿ ಹಾಕಬಾರ್ದ್ರಿ ಅಕ್ಕೋರ, ಅದೂ ಬಸುರಿ ಹೆಂಗಸಿನ ಮುಂದ” ಎಂದಳು. ಅಕ್ಕೋರು ಒಂದು ಗಳಿಗೆ ತಾಟು ನೋಡಿದರು. ಆಮೇಲೆ ನಕ್ಕು, “ಆತವಾ. ಮುಂದಿನ ಸೋಮವಾರದ್ದನ್ನೂ ಇವತ್ತ ತಿಂದೆ ಅಂತ ತಿಳ್ಕೋತೇನಿ” ಎಂದು ಹೋಳಿಗೆ ಮುರಿದರು. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು...

ಅವರು ನೀರಿನ ಲೋಟಕ್ಕೆ ಕೈ ಚಾಚಿದಾಗ, ಹಿಂದಿನಿಂದ ಬುಟ್ಟಿ ಹಿಡಿದು ಬಂದ ನಾನು ಇನ್ನೂ ಎರಡನ್ನು ತಾಟಿಗೆ ಹಾಕಿಬಿಟ್ಟೆ. ಮೇಲೆ ಸೌಟಿನಿಂದ ತುಪ್ಪ ಸುರಿದೆ. ಪಂಕ್ತಿಯಲ್ಲಿದ್ದ ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು. “ಸಿಕ್ಕಿಬಿದ್ರು ನೋಡ್ರಿ ಅಕ್ಕೋರು!” ಎಂದಳು ಯಾರೋ ಒಬ್ಬಳು.

ಸಿಕ್ಕಿಬಿದ್ದರು, ಖರೆ. ಅಕ್ಕೋರು ತಾಟಿನಲ್ಲಿ ಒಂದು ಅಗುಳೂ ಬಿಡುವವರಲ್ಲ. ಶರಣರ ಮನೆತನದಲ್ಲಿ ಹುಟ್ಟಿದವರು. ತಾಟಿಗೆ ಬಿದ್ದದ್ದು ಪ್ರಸಾದ, ಅದನ್ನು ಬಿಟ್ಟು ಏಳಬಾರದು. ಉಂಡ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಇದು ನಮಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಬೀಳುವವರೆಗೆ ಬೇಡ ಎನ್ನಬಹುದು, ಬಿದ್ದ ಮೇಲೆ ಅವರ ಬಾಯಿ ಕಟ್ಟಿಹೋಗುತ್ತದೆ ಎಂದು ಗೊತ್ತಿದ್ದೇ ಹಾಕಿದೆ.

ನಾಲ್ಕನ್ನೂ ತಿಂದರು. ತಲೆ ಎತ್ತಲಿಲ್ಲ. ಕೊನೆಯದನ್ನು ನೀರು ಕುಡಿದು ಕುಡಿದು ನುಂಗಿದರು. ತಾಟು ತೊಳೆದು ಕುಡಿದರು. ಮನೆಗೆ ಹೊರಟಾಗ ಮೆಟ್ಟಿಲಿಳಿಯಲು ನನ್ನ ಹೆಗಲು ಹಿಡಿದುಕೊಂಡು, ನನಗಷ್ಟೇ ಕೇಳುವಂತೆ, “ನನ್ನ ಮಾತಿಗಿ ಒಂದ ಹೋಳಿಗಿಯಷ್ಟೂ ಬೆಲಿ ಇಲ್ಲೇನವಾ?” ಎಂದರು.

ಆಗ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಶುಭಕಾರ್ಯದ ಮನೆಯಲ್ಲಿ ಇದೆಂಥ ಮಾತು, ಪ್ರೀತಿಯಿಂದ ಹಾಕಿದರೆ ಹೀಗನ್ನುವುದೇ ಎಂದು ನಾನೇ ಮುಖ ಗಂಟಿಕ್ಕಿಕೊಂಡೆ. ಎರಡು ವಾರ ಬಾಜೂಮನೆಗೆ ಹೋಗಲಿಲ್ಲ. ತಾನೇ ಒದ್ದು ತಾನೇ ಅತ್ತಂತೆ!

ಹೋಗುವಷ್ಟರಲ್ಲಿ ಅಲ್ಲಿ ಎಲ್ಲ ಬದಲಾಗಿತ್ತು. ಸೋಮವಾರ ಕಟ್ಟೆ ಖಾಲಿ. ಕರದಂಟಿನ ಡಬ್ಬಿಯನ್ನು ಕೆಲಸದವಳಿಗೆ ಕೊಟ್ಟುಬಿಟ್ಟಿದ್ದರಂತೆ. ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಬರೀ ಮಜ್ಜಿಗೆ. “ಯಾಕ್ರಿ ಅಕ್ಕೋರ, ಸೋಮವಾರದ ತುಂಡು?” ಎಂದು ಕೇಳಿದೆ. “ಬ್ಯಾಡ ತಂಗಿ. ತಿಂದ್ರೂ ನಗತಾರ, ತಿನ್ನದಿದ್ರೂ ನಗತಾರ. ಎಲ್ಲಾ ಬಿಟ್ರ ಯಾರೂ ನಗಂಗಿಲ್ಲ” ಎಂದರು. ಆಮೇಲೆ ಯಾರ ಮನೆಯ ಕಾರ್ಯಕ್ಕೂ ಅವರು ಬರಲಿಲ್ಲ.

ಮತ್ತು ನಾವು? ಹೊಗಳಿದೆವು! “ಈಗ ನೋಡ್ರಿ, ಖರೆ ಪಥ್ಯ ಅಂದ್ರ ಇದು” ಎಂದೆವು. ತೂಕ ಸರಸರ ಇಳಿಯಿತು. ಕೆನ್ನೆ ಒಳಗೆ ಹೋಯಿತು, ದೊಡ್ಡ ದನಿ ಸಣ್ಣದಾಯಿತು, ಪಾಠ ಹೇಳುವಾಗ ನಡುನಡುವೆ ಗೋಡೆಗೆ ಒರಗುತ್ತಿದ್ದರು. ಕಣ್ಣಿದ್ದವರು ಕೇಳಬೇಕಿತ್ತು. ನಾವು ಕೇಳಿದ್ದು ಎಷ್ಟು ಕೆಜಿ ಇಳಿಯಿತು ಎಂದು ಮಾತ್ರ. ಇನ್ನು ಎರಡೇ ಕೆಜಿ ಉಳಿದಿತ್ತು.

ಒಂದು ಮುಂಜಾನೆ ಕೆಲಸದವಳು ಬರುವುದು ತಡವಾಯಿತು. ಅಕ್ಕೋರು ತಾವೇ ಎದ್ದು ಬಚ್ಚಲಿಗೆ ಹೋದರು. ಯಾರ ಹೆಗಲನ್ನೂ ಹಿಡಿಯದೆ. ಬಾಗಿಲ ಹತ್ತಿರ ತಲೆ ತಿರುಗಿ ಬಿದ್ದರು. ಅವರು ಕೂಗಿದ್ದು ಕೇಳಿ ಓಡಿ ಹೋದವಳು ನಾನು. ಸೊಂಟದ ಎಲುಬು ಮುರಿದಿತ್ತು. ಹಿಂದಿನ ದಿನ ಮಜ್ಜಿಗೆ ಬಿಟ್ಟು ಏನೂ ತಿಂದಿಲ್ಲ ಎಂದು ದವಾಖಾನೆಯಲ್ಲಿ ಅವರೇ ಹೇಳಿದರು. ಮಗಳು ಬಂದು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ನಾಲ್ಕು ತಿಂಗಳು ಕಳೆದಿರಬೇಕು, ಸುದ್ದಿ ಬಂತು...

ಹುನಗುಂದದಲ್ಲಿ ಅವರ ಅಣ್ಣನ ಮನೆಯಲ್ಲಿ ತೀರಿದವರ ಹೆಸರಿನ ಊಟ, ಗಣಾರಾಧನೆ ಇತ್ತು. ಓಣಿಯವರೆಲ್ಲ ಒಂದು ಗಾಡಿ ಮಾಡಿಕೊಂಡು ಹೋದೆವು. ಊಟಕ್ಕೆ ಕೂತಾಗ ನನ್ನ ಪಕ್ಕದವಳು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಏನ್ ಮಾಡೂದು, ಬಾಯಿ ಕಟ್ಟಲಿಲ್ಲ ಅಕ್ಕೋರು. ಕರದಂಟ ಕರದಂಟ ಅಂತ ಹೋದ್ರು” ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಎಂಟು ಪೀಳಿಗೆಯ ಜನ್ಮ ಜಾಲಾಡಿಬಿಡಬೇಕು ಎನಿಸಿತು. ಆದರೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮೊದಲು ನನ್ನ ಹೆಸರೇ ಬರುತ್ತಿತ್ತು.

ಹೊರಡುವಾಗ ಅಕ್ಕೋರ ಮಗಳು ನನ್ನ ಕೈ ಹಿಡಿದುಕೊಂಡಳು. “ವೈನಿ, ನೀವು ಬಾಜೂಮನಿಯವ್ರು. ನಮ್ಮವ್ವ ಸೋಮವಾರಕ್ಕೊಮ್ಮೆ ಫೋನ್ ಮಾಡಿ, ಇವತ್ತ ನನ್ನ ತುಂಡಾತವಾ ಅಂತ ಸಣ್ಣ ಹುಡಿಗಿ ಹಂಗ ಹೇಳ್ತಿದ್ಲು. ಒಮ್ಮೆಲೇ ಎಲ್ಲಾ ಬಿಟ್ಲು. ಹಾಸಿಗಿ ಹಿಡದಾಗ ಕರದಂಟ ಬಾಯಿಗಿಟ್ರ ಹೊರಳಿ ಮಲಗಿದ್ಲು. ಯಾಕಂತ ಸಾಯೂತನಕಾ ಹೇಳಲಿಲ್ಲ. ನಿಮಗೇನರ ಗೊತ್ತೈತೇನ್ರಿ?”

“ಇಲ್ಲವಾ, ನನಗೇನೂ ಗೊತ್ತಿಲ್ಲ” ಎಂದೆ. ಅವಳು ತಲೆಯಾಡಿಸಿ, ನನ್ನ ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು.

ಅವತ್ತಿನ ಬಸುರಿನ ಕೂಸು ಈಗ ಸಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದೆ. ಬಾಜೂಮನೆಗೆ ಮೂರು ಸಲ ಬಾಡಿಗೆಯವರು ಬದಲಾದರು, ಓಣಿಯಲ್ಲಿ ಅಕ್ಕೋರನ್ನು ನೆನೆಯುವವರು ಕಡಿಮೆಯಾದರು. ನನಗೆ ಅವರಂಥವರು ಮತ್ತೆ ಸಿಗಲಿಲ್ಲ. ಊರಿನ ಮೇಲೆ, ನಾದಿನಿಯ ಮೇಲೆ, ಡಬ್ಬಿಯ ಮೇಲೆ ಬರೆದ ಅಕ್ಷರಗಳ ಮೇಲೆ ಎಷ್ಟು ಹರಿಹಾಯ್ದರೂ ಈ ಸಿಟ್ಟು ತಣಿಯುವುದಿಲ್ಲ. ಅಕ್ಕೋರ ಮಗಳ ಸೊಲ್ಲಾಪುರದ ನಂಬರು ನನ್ನ ಫೋನಿನಲ್ಲಿದೆ. ನಮ್ಮ ಮಗಳು ವಿಡಿಯೋ ಕಳಿಸಿದ ದಿನ ಒಮ್ಮೆ ಒತ್ತಿದೆ, ಅತ್ತಲಿಂದ ಅವಳು ಹಲೋ ಎಂದ ಕೂಡಲೇ ಇಟ್ಟುಬಿಟ್ಟೆ. ಹೇಳಬೇಕಾದದ್ದು ಎರಡೇ ಮಾತು. ನಿಮ್ಮವ್ವನ ತಾಟಿಗೆ ಆ ಹೋಳಿಗೆ ಹಾಕಿದವಳು ನಾನು. ನೀನು ಕೈ ಹಿಡಿದು ಕೇಳಿದ ದಿನವೂ ನನಗೆ ಗೊತ್ತಿತ್ತು.