ಬರಿ ಅಂಗಿಯಲ್ಲಿ ಕಾದಿದವರು

ಮೊನ್ನೆಯ ಮಳೆಗೆ ಗರಾಜಿನೊಳಗೆ ನೀರು ನುಗ್ಗಿ ಒಂದು ರಟ್ಟಿನ ಪೆಟ್ಟಿಗೆ ನೆನೆಯಿತು. ಮಗಳು ಅದನ್ನು ಬಿಚ್ಚಿದಳು. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ನಮ್ಮೂರ ಕಡೆ ಕಂಬಳಿ ನೆಂದರೆ ಬರುವ ಅದೇ ಕುರಿವಾಸನೆ. ಆದರೆ ಒಳಗಿದ್ದದ್ದು ಕಂಬಳಿಯಲ್ಲ, ಕೆಂಪು ಹಸಿರು ಚೌಕುಳಿಯ ದಪ್ಪ ಹೊದಿಕೆ. ಪಕ್ಕದ ಮನೆಯ ಮುದುಕಿಯದು. ಅವಳು ಸತ್ತು ನಾಲ್ಕು ವರ್ಷವಾಯಿತು... ಐದೋ ಏನೋ.

"ಬಿಸಾಕ್ಲಾ ಅಮ್ಮ?" ಅಂದಳು ಮಗಳು.

"ಮುಟ್ಟಬೇಡ" ಅಂದೆ.

ಟೆಕ್ಸಸ್ಸಿನ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಈ ಮನೆಗೆ ಬಂದ ವರ್ಷ ಹಿತ್ತಲಲ್ಲಿ ಅವರೆ ಹಾಕಿದ್ದೆ. ಬಳ್ಳಿ ಬೇಲಿ ಹತ್ತಿ ಆಚೆ ಇಳಿಯಿತು. ಒಂದು ದಿನ ನೋಡಿದರೆ ಆಚೆಯಿಂದ ಮೂಳೆ ಕೈಯೊಂದು ಕಾಯಿ ಕೀಳುತ್ತಿದೆ. ಕಳ್ಳಿ ಅಂದೆ, ಕನ್ನಡದಲ್ಲೇ. ಅವಳು ಹೆದರಲಿಲ್ಲ. ಬೇಲಿಯ ಆ ಕಡೆ ತೋರಿಸಿ ತನ್ನ ಎದೆ ತಟ್ಟಿಕೊಂಡಳು, ಈ ಕಡೆ ತೋರಿಸಿ ನನ್ನತ್ತ ಬೆರಳು ಮಾಡಿದಳು. ಆಚೆ ಇಳಿದದ್ದು ಅವಳದು, ಈಚೆ ಉಳಿದದ್ದು ನನ್ನದು. ನ್ಯಾಯ ಸರಿಯೆನಿಸಿತು. ಹಸಿಯಾಗಿ ತಿಂದರೆ ಹೊಟ್ಟೆನೋವು ಎಂದು ಹೊಟ್ಟೆ ಹಿಡಿದು ತೋರಿಸಿ, ಕರೆದು ಬೇಯಿಸಿ ಕೊಟ್ಟೆ. ಅಲ್ಲಿಂದ ದಿನಾ ಬರತೊಡಗಿದಳು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಕೈಸನ್ನೆಗೆ ನಿಲುಕದ್ದನ್ನು ಮಗಳು ಆಫೀಸಿನಿಂದ ಬಂದ ಮೇಲೆ ಬಿಡಿಸಿ ಹೇಳುತ್ತಿದ್ದಳು.

ತನ್ನವರ ಹಳೆಯ ಯುದ್ಧದ ಕತೆಯನ್ನು ಅವಳು ಹೇಳಿದ್ದು ನನ್ನ ಮೊರದಲ್ಲಿ, ಅವರೆಕಾಳು ಹರಡಿ. ಅವಳ ಹಿರಿಯರು ಸ್ಕಾಟ್ಲೆಂಡಿನವರು. ಅಲ್ಲಿ ಒಬ್ಬ ದೊರೆಯ ಮಗ ತಾಯಿಯ ತವರಿನಲ್ಲಿ ಬೆಳೆದಿದ್ದನಂತೆ. ತಂದೆಯ ಜಾಗ ತನಗೆ ಬರಬೇಕೆಂದು ಊರಿಗೆ ಬಂದ. ಅವನಿಗಾಗಿ ದೊಡ್ಡ ಔತಣ, ಸಾಲಾಗಿ ದನ ಕಡಿಯುತ್ತಿದ್ದರು. ಇಷ್ಟೆಲ್ಲ ಯಾಕೆ, ನಾಲ್ಕು ಕೋಳಿ ಸಾಲದೇ ಎಂದನಂತೆ. ಅಷ್ಟೇ ಸಾಕಾಯಿತು ದಾಯಾದಿಗಳಿಗೆ. ಕೋಳಿ ದೊರೆ ಎಂದು ನಕ್ಕು, ಅವನನ್ನು ಓಡಿಸಿ, ಬೇರೊಬ್ಬನನ್ನು ಕೂರಿಸಿದರು. ಸೋದರಮಾವನ ಕಡೆಯವರು ದಂಡು ಕಟ್ಟಿ ಬಂದರು. ಕೆರೆಯ ದಂಡೆ, ಸುಡುಬಿಸಿಲು. ಎರಡೂ ಕಡೆಯವರು ಉಣ್ಣೆ ಹೊದಿಕೆ ಕಿತ್ತೆಸೆದು ಬರಿ ಅಂಗಿಯಲ್ಲಿ ಕಾದಿದರು. ಹೇಳುತ್ತ ಹೇಳುತ್ತ ಅವಳು ಕಾಳುಗಳನ್ನು ಒಂದೊಂದಾಗಿ ಮೊರದಿಂದಾಚೆ ಹಾರಿಸಿದಳು. ಕೊನೆಗೆ ಮೂರು ನಾಲ್ಕು ಉಳಿದವು. ದೊರೆಮಗ ಸತ್ತ. ಇವಳ ಹಿರಿಯರು ಸೋದರಮಾವನ ಕಡೆಯವರು.

ಸತ್ತವರ ಹೆಂಡಿರೆಲ್ಲ ಬಸುರಿಯರಾಗಿದ್ದು, ಅಷ್ಟೂ ಜನ ಗಂಡನ್ನೇ ಹೆತ್ತರು ಎಂಬ ಮಾತೂ ಇದೆಯಂತೆ.

"ಹೆಣ್ಣು ಹುಟ್ಟಿದ್ರೆ ಲೆಕ್ಕಕ್ಕೆ ಹಿಡೀತಿದ್ರಾ ಕೇಳು" ಅಂದೆ. ಮಗಳು ಕೇಳಿದಳು. ಮುದುಕಿ ನಕ್ಕಳು ನೋಡಿ, ಕೆಮ್ಮು ಬರುವ ತನಕ.

ವರ್ಷಕ್ಕೊಮ್ಮೆ ಆಸ್ಟಿನ್ ಕಡೆ ಆ ಮನೆತನಗಳವರೆಲ್ಲ ಒಂದು ಮೈದಾನದಲ್ಲಿ ಟೆಂಟು ಹಾಕಿ ಸೇರುತ್ತಿದ್ದರು. ನಮ್ಮನ್ನೂ ಒಮ್ಮೆ ಕರೆದೊಯ್ದಳು. ಟೆಕ್ಸಸ್ಸಿನ ಬಿಸಿಲಲ್ಲಿ ಆ ಉಣ್ಣೆ ಹೊದ್ದು, ಗೆದ್ದವರ ಟೆಂಟಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಳು. ಅಲ್ಲಿಂದ ಒಬ್ಬ ಮುದುಕ ತಟ್ಟೆ ಹಿಡಿದು ಬಂದ, ತಟ್ಟೆಯಲ್ಲಿ ಕೋಳಿಕಾಲು. ಪ್ರತಿ ವರ್ಷ ತರುತ್ತಿದ್ದನಂತೆ.

"ನಿಮ್ಮ ದೊರೆಗೆ" ಅಂದ.

ಅವಳು ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಅಷ್ಟು ದನ ತಿಂದೂ ನೀವು ಬೆಳೆದದ್ದು ಇಷ್ಟೇನಾ?" ಅಂದು ಕೋಳಿ ಕಚ್ಚಿದಳು.

"ಸೋತವರಿಗೆ ಇಷ್ಟು ಜಂಬ ಯಾಕಂತೆ?" ಎಂದು ಮಗಳ ಕೈಲಿ ಕೇಳಿಸಿದೆ.

"ಸೋತೆವು. ಆ ಜಾಗ ನಮ್ಮ ಹುಡುಗನದ್ದಲ್ಲ ಅಂತ ಮಾತ್ರ ನಮ್ಮವರು ಯಾರೂ ಒಪ್ಪಲಿಲ್ಲ" ಅಂದಳು.

ಅದೇ ಬೇಸಿಗೆಯಲ್ಲಿ ಊರಿಂದ ತಮ್ಮನ ಫೋನು. ಅಪ್ಪನ ಹುಣಸೆಮರದ ಹೊಲ ಮಾರಬೇಕು, ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡಬೇಕು. ನಮ್ಮಲ್ಲಿ ಅದು ನಡೆದುಬಂದದ್ದೇ. ಸೀರೆ, ಅರಿಸಿನ ಕುಂಕುಮ ಕೊಡುತ್ತಾರೆ, ಸೈನು ಹಾಕಿಸಿಕೊಳ್ಳುತ್ತಾರೆ. ಪಾಲು ಕೇಳಿದವಳಿಗೆ ತವರಿಲ್ಲ.

"ಅಕ್ಕಾ, ತಂಗೀರೆಲ್ಲ ಹಾಕಾಯ್ತು. ನಿಂದೊಂದೇ ಬಾಕಿ. ರೇಷ್ಮೆ ಸೀರೆ ತೆಗ್ದಿಟ್ಟಿದೀನಿ" ಅಂದ.

ಹೂಂ ಅಂದಿದ್ದೆ. ಸುಳ್ಳು ಯಾಕೆ ಹೇಳಲಿ. ಸೈನು ಹ್ಯೂಸ್ಟನ್ನಿನಲ್ಲಿರುವ ನಮ್ಮ ದೇಶದ ಕಚೇರಿಯಲ್ಲಿ, ಅಧಿಕಾರಿಯ ಎದುರಿಗೇ ಹಾಕಬೇಕು. ಮಗಳು ರಜಾ ಹಾಕಿ ಡ್ರೈವ್ ಮಾಡಿದಳು. ಅಲ್ಲೇ ಹತ್ತಿರದ ಕ್ಲಿಯರ್ ಲೇಕಿನಲ್ಲಿ ತನ್ನ ಅಣ್ಣನ ಮಗನಿದ್ದಾನೆಂದು ಮುದುಕಿಯೂ ಕಾರು ಹತ್ತಿದಳು. ದಾರಿಯಲ್ಲಿ ಎಲ್ಲ ಕೇಳಿ ತಿಳಿದುಕೊಂಡಳು. ಬೇಡ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದೇ ಮಾತು ಕೇಳಿದಳು:

"ಆ ಹೊಲವನ್ನು ಕಾದವರು ಯಾರು?"

ನಾನು. ಕಡಲೆಕಾಯಿಗೆ ಹಂದಿ, ನವಣೆಗೆ ಗಿಳಿ. ಅದಕ್ಕೇ ಮೂರನೇ ಕ್ಲಾಸಿಗೆ ನನ್ನ ಸ್ಕೂಲು ಬಿಡಿಸಿದರು. ತಮ್ಮ ಓದಿದ...

ಕಚೇರಿಯ ಕಿಟಕಿಯೊಳಗಿನ ಹುಡುಗಿ "ಮಾತಾಜಿ, ಸೈನ್" ಎಂದು ಬೆರಳಿಟ್ಟು ತೋರಿಸಿದಳು. ಕೂಡಿಸಿ ಕೂಡಿಸಿ ಓದಿದೆ. ಹಿಂದೆ ಸಾಲಿನವರು ಗೊಣಗಿದರು. 'ಸದರಿ ಜಮೀನಿನಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ, ಹಿಂದೆಯೂ ಇದ್ದಿರುವುದಿಲ್ಲ' ಎಂದು ಬರೆದಿತ್ತು. ಕೊಟ್ಟೆ ಎಂದು ಬರೆದಿದ್ದರೆ ಹಾಕುತ್ತಿದ್ದೆನೋ ಏನೋ. ಇರಲೇ ಇಲ್ಲ ಎಂದು ನನ್ನ ಕೈಲೇ ಬರೆಸಿಕೊಳ್ಳುತ್ತಾರೆ. ಪೆನ್ನಿಗೆ ಟೋಪಿ ಹಾಕಿ ವಾಪಸು ಕೊಟ್ಟೆ.

"ಅಮ್ಮಾ, ನಾಲ್ಕು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದೀನಿ!" ಅಂದಳು ಮಗಳು.

"ಮತ್ತೆ ನಾಲ್ಕು ಗಂಟೆ ಮಾಡು."

ಹೊರಗೆ ಕಾರಿನ ಹತ್ತಿರ ಮುದುಕಿ ನನ್ನ ಮುಖ ನೋಡಿದಳು. ಕಾರಿನ ಏಸಿಗೆಂದು ತಾನು ಹೊದ್ದಿದ್ದ ಆ ಚೌಕುಳಿ ಹೊದಿಕೆಯನ್ನು ತೆಗೆದು ನನಗೆ ಹೊದಿಸಿದಳು. ಹ್ಯೂಸ್ಟನ್ನಿನ ಸೆಕೆ, ಮೈಯೆಲ್ಲ ತುರಿಸಿತು. ಮನೆ ಮುಟ್ಟುವ ತನಕ ತೆಗೆಯಲಿಲ್ಲ, ಅವಳೂ ವಾಪಸು ತೆಗೆದುಕೊಳ್ಳಲಿಲ್ಲ.

"ಇನ್ಮೇಲೆ ನಿಂಗೆ ತವರಿಲ್ಲ ಅಂದ್ಕೊ" ಅಂದ ತಮ್ಮ. ಗೌರಿ ಹಬ್ಬಕ್ಕೆ ತಪ್ಪದೆ ಬರುತ್ತಿದ್ದ ಅವನ ಫೋನು ನಿಂತಿತು. ಹಬ್ಬದ ದಿನ ಫೋನು ಪಕ್ಕದಲ್ಲಿಟ್ಟುಕೊಂಡೇ ಬಾಗಿನ ಕಟ್ಟುತ್ತೇನೆ. ನೋವಿಲ್ಲ ಅನ್ನಲಾರೆ. ತಪ್ಪಾಯಿತು ಅಂತಲೂ ಅನ್ನುವುದಿಲ್ಲ. ಹೊಲ ಹಾಗೇ ಇದೆ, ಹುಣಸೆಮರವೂ ಇದೆ.

ಮುಂದಿನ ಚಳಿಗಾಲದಲ್ಲಿ ಮುದುಕಿ ಹೋದಳು. ಅಣ್ಣನ ಮಗ ಬಂದು ಮನೆ ಮಾರಿದ. ಆ ಮನೆಗೆ ಈಗ ಬಂದಿರುವವರು ಒಳ್ಳೆಯವರೇ, ಕೈ ಬೀಸುತ್ತಾರೆ. ಹಿತ್ತಲಿಗೆ ಬರುವುದಿಲ್ಲ. ಆಚೆ ಇಳಿದ ಅವರೆಕಾಯಿ ಬಳ್ಳಿಯಲ್ಲೇ ಒಣಗಿ ಸಿಡಿಯುತ್ತದೆ.

ನಿನ್ನೆ ತಮ್ಮನ ಮಗ ಮಗಳ ಫೋನಿಗೆ ಅದೇ ಕಾಗದ ಕಳಿಸಿದ್ದಾನೆ.

"ಏನಂತ ಹೇಳ್ಲಮ್ಮ?"

"ಸೈನು ಹಾಕದ ಅವನ ಅತ್ತೆ ಇನ್ನೂ ಬದುಕಿದಾಳೆ ಅಂತ ಹೇಳು" ಅಂದೆ.

ಹೊದಿಕೆಯನ್ನು ಬೇಲಿಯ ಮೇಲೆ ಒಣಹಾಕಿದ್ದೇನೆ. ಅರ್ಧ ಈಚೆ, ಅರ್ಧ ಆಚೆ. ಆಚೆಯದನ್ನು ಎಳೆದುಕೊಳ್ಳುವ ಕೈ ಇಲ್ಲ.