ಹೊಸ ಮಾಡೆಲ್ ಬರಲಿ, ತಡಿ

ಶ್ರಾವಣದ ಒಂದು ಸಂಜೆ ನಮ್ಮ ಮನೆಯಲ್ಲಿ ಐದು ಜನ ಗಂಡಸರು ಕೂತು ಒಂದು ಕಂಪ್ಯೂಟರಿಗೆ ಚಪ್ಪಾಳೆ ಹೊಡೆದರು.

ಕಂಪ್ಯೂಟರ್ ನಮ್ಮ ಮನೆಯಲ್ಲಿರಲಿಲ್ಲ. ಟೀವಿಯೊಳಗಿತ್ತು. ಕಪ್ಪು ಅಂಗಿ ಹಾಕಿದ ಒಬ್ಬ ವೇದಿಕೆ ಮೇಲೆ ಅತ್ತಿಂದಿತ್ತ ಓಡಾಡುತ್ತ ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ತೆಳ್ಳಗಿದೆ ಅಂದ, ಚಪ್ಪಾಳೆ. ಹಗುರವಾಗಿದೆ ಅಂದ, ಚಪ್ಪಾಳೆ. ಬೆಳಿಗ್ಗೆ ಒಂದು ಸಲ ಚಾರ್ಜ್ ಮಾಡಿದರೆ ಇಡೀ ದಿನ ನಡೆಯುತ್ತೆ ಅಂದ, ಇನ್ನೂ ಜೋರು ಚಪ್ಪಾಳೆ. ನಾನು ಐವತ್ತು ವರ್ಷ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಇಡೀ ದಿನ ನಡೆದಿದ್ದೇನೆ. ಯಾರಾದರೂ ಚಪ್ಪಾಳೆ ಹೊಡೆದರಾ?

"ಎಲ್ಲಿ ಸಿಗ್ತದ್ಲಾ ಇದು?" ಅಂತ ಮಗ ಮಹದೇವನನ್ನು ಕೇಳಿದೆ.

"ಈಗ್ಲೇ ಸಿಗಲ್ಲ ಕಣವ್ವ. ಅನೌನ್ಸ್ ಮಾಡವ್ರೆ ಅಷ್ಟೇ."

"ಸಾಮಾನೇ ಇಲ್ದೆ ಸಾರ್ತಾವ್ನಾ?"

ಐದೂ ಜನ ನಕ್ಕರು. ಮಗನ ಆಫೀಸಿನ ಕುಮಾರ ಅನ್ನುವವನು, "ಆಂಟಿ, ಇವತ್ತಿಂದ ಹಳೇ ಮಾಡೆಲ್ ತಗೊಂಡೋನು ಪೆದ್ದ" ಅಂದ. ನನ್ನ ಮಗ ಅಡುಗೆಮನೆ ಕಡೆ ಕತ್ತು ತಿರುಗಿಸಿ, "ಕೇಳಿಸ್ತೇನೇ ಸವಿತಾ? ನಾನು ಹೇಳ್ಲಿಲ್ವಾ, ತಡಿ ಅಂತ?" ಎಂದ.

ಸವಿತಾ ನನ್ನ ಸೊಸೆ. ಐದು ಜನಕ್ಕೂ ಕಾಫಿ ಸೋಸುತ್ತಿದ್ದಳು.

ವಿಷಯ ಇಷ್ಟೇ. ಸವಿತಾ ಡಿಪ್ಲೊಮಾ ಓದಿದವಳು. ಮನೆ ಕಟ್ಟುವ ಪ್ಲಾನನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವಳ ಕಸುಬು. ಮದುವೆಗೆ ಮುಂಚೆ ಮೂರು ವರ್ಷ ದುಡಿದಿದ್ದಳು. ಮಗು ಆಯಿತು, ಕೆಲಸ ನಿಂತಿತು. ಈ ವರ್ಷ ಮಗು ಒಂದನೇ ಕ್ಲಾಸಿಗೆ ಹೋಯಿತು. ನಮ್ಮ ಕುವೆಂಪುನಗರದಲ್ಲೇ ಪ್ರಭಾ ಮೇಡಂ ಅಂತ ಒಬ್ಬರು ಇಂಜಿನಿಯರ್ ಇದ್ದಾರೆ. ಜೂನ್ ತಿಂಗಳಲ್ಲಿ ಅವರೇ ಕರೆದು, "ನಿಂದೇ ಒಂದು ಕಂಪ್ಯೂಟರ್ ಇಟ್ಕೊ ಸವಿತಾ, ಮನೇಲೇ ಕೂತು ಬರೆದುಕೊಡು, ಕೆಲಸ ಬೇಕಾದಷ್ಟಿದೆ" ಅಂದರು. ಮನೆಯಲ್ಲಿದ್ದ ಹಳೇದು ಹೊತ್ತಿಸಿದರೆ ಬೆಳಗುವುದಕ್ಕೇ ಅರ್ಧ ಗಂಟೆ. ಸವಿತಾ ಅಂಗಡಿಗೆ ಹೋಗಿ ವಿಚಾರಿಸಿ, ತನ್ನ ಕೆಲಸಕ್ಕೆ ಆಗುವಂಥದ್ದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಳು. ದುಡ್ಡು ಅವಳದೇ, ದುಡಿದು ಇಟ್ಟದ್ದು.

ಚೀಟಿ ನೋಡಿ ಮೊದಲು ಬಾಯಿ ಹಾಕಿದವಳು ನಾನು. ಮುಚ್ಚಿಟ್ಟು ಬರೆಯುವುದಕ್ಕೆ ನನಗೆ ಬರುವುದಿಲ್ಲ.

"ಇನ್ನೇನು ಆಷಾಢ ಬಂತು. ಆಷಾಢದಲ್ಲಿ ಯಾರಾದ್ರೂ ಹೊಸ ಸಾಮಾನು ತತ್ತಾರೇನಮ್ಮಿ? ಒಂದು ತಿಂಗ್ಳು ತಡಿ" ಅಂದೆ.

ಮಗ ತಕ್ಷಣ, "ಅವ್ವ ಹೇಳ್ತಿರೋದು ಸರಿ ಕಣೇ" ಅಂದ. ಆಷಾಢ, ಅಮಾವಾಸ್ಯೆ, ರಾಹುಕಾಲ ಅಂದರೆ ಯಾವತ್ತೂ ನಗುವ ಹುಡುಗ. ಅವತ್ತು ಮಾತ್ರ ಮಹಾ ಶಾಸ್ತ್ರದವನಾಗಿಬಿಟ್ಟ. ನನಗೆ ಆಗಲೇ ಗೊತ್ತಾಗಬೇಕಿತ್ತು. ಮಗ ನನ್ನ ಮಾತು ಕೇಳಿದ ಅನ್ನುವ ಖುಷಿಯಲ್ಲಿ ಗೊತ್ತಾಗಲಿಲ್ಲ.

ಹೀಗೆ ಒಂದು ತಿಂಗಳು ನಾನು ಕೊಟ್ಟೆ. ಮಿಕ್ಕ ತಿಂಗಳುಗಳನ್ನು ಕಂಪನಿಯವರು ಕೊಟ್ಟರು.

ಆಷಾಢ ಕಳೆಯಿತು. ಶ್ರಾವಣದಲ್ಲಿ ಈ ಚಪ್ಪಾಳೆ. ಹೊಸದು ಗೌರಿ ಹಬ್ಬಕ್ಕೆ ಬರುತ್ತೆ ಅಂದರು. ಗೌರಿ ಹಬ್ಬಕ್ಕೆ ಬಂದದ್ದು ಗೌರಿ ಮಾತ್ರ. ಮೊದಲು ಅಮೆರಿಕದಲ್ಲಿ ಕೊಡ್ತಾರಂತೆ, ಆಮೇಲೆ ನಮಗಂತೆ. (ಬಡಿಸುವುದರಲ್ಲೂ ಪಂಕ್ತಿ ನೋಡಿ.) ಆಮೇಲೆ ಇಲ್ಲಿಗೂ ಬಂತು. "ಇನ್ನು ಹದಿನೈದು ದಿನ ತಡಿ ಸವಿತಾ, ಆಯುಧಪೂಜೆಗೆ ಆಫರ್ ಇರುತ್ತೆ" ಅಂದ ಮಗ. ಅದೂ ಸರಿಯೇ ಅನ್ನಿಸಿತು. ಮೈಸೂರಿನಲ್ಲಿ ದಸರಾ ಆಫರ್ ಬಿಟ್ಟು ಯಾರಾದರೂ ಮಿಕ್ಸಿಯನ್ನಾದರೂ ಕೊಳ್ಳುತ್ತಾರಾ?

ಅಷ್ಟರಲ್ಲಿ ಪ್ರಭಾ ಮೇಡಂ ಮೂರು ಸಲ ಫೋನ್ ಮಾಡಿದ್ದರು. ಮೂರು ಸಲವೂ ಸವಿತಾ, "ಹೊಸ ಮಾಡೆಲ್ ಬರ್ತಿದೆ ಮೇಡಂ, ಬಂದ ತಕ್ಷಣ" ಅಂದಿದ್ದಳು. ಮಗ ಕಲಿಸಿದ ಮಾತನ್ನು ತನ್ನ ಮಾತಿನ ಹಾಗೆ ಹೇಳುತ್ತಿದ್ದಳು.

ನಮ್ಮ ಕಾಲದಲ್ಲಿ ಮೊದಲು ಸಾಮಾನು ಬರುತ್ತಿತ್ತು, ಆಮೇಲೆ ಸುದ್ದಿ. ಪ್ರೆಶರ್ ಕುಕ್ಕರ್ ಬಂದಾಗ ಪಕ್ಕದ ಮನೆಯಲ್ಲಿ ಕೂಗಿದ್ದು ಕೇಳಿ ನಮಗೆ ಗೊತ್ತಾಯಿತು. ಈಗ ಸುದ್ದಿ ಮೊದಲು. ಸುದ್ದಿ ಬಂದ ದಿನವೇ ಅಂಗಡಿಯಲ್ಲಿರುವ ಒಳ್ಳೇ ಸಾಮಾನು ಕೆಟ್ಟುಹೋಗುತ್ತೆ. ನಿನ್ನೆವರೆಗೆ ಕೆಲಸ ಮಾಡುತ್ತಿದ್ದದ್ದು ಇವತ್ತು ಹಳೇದು. ಅದನ್ನು ಕೊಳ್ಳುವವನು ಪೆದ್ದ. ಬರದೇ ಇರುವುದಕ್ಕೆ ಕಾಯುತ್ತ ಕೂತವನು ಬುದ್ಧಿವಂತ! ಇದ್ಯಾವ ಲೆಕ್ಕ?

ಆಯುಧಪೂಜೆಗೆ ಎರಡು ದಿನ ಇದ್ದಾಗ ಮೂರೂ ಜನ ಅಂಗಡಿಗೆ ಹೋದೆವು. ಬಾಗಿಲಿಗೆ ಚೆಂಡುಹೂವು ಕಟ್ಟಿದ್ದರು, ಒಳಗೆ ಜಗಳ ನಡೆಯುತ್ತಿತ್ತು. ರಿಟೈರ್ಡ್ ಮೇಷ್ಟ್ರೊಬ್ಬರು ಹೊಸ ಕಂಪ್ಯೂಟರನ್ನು ತಿರುಗಿಸಿ ತಿರುಗಿಸಿ, "ಪೆನ್‌ಡ್ರೈವ್ ಹಾಕೋ ತೂತೇ ಇಲ್ವಲ್ರೀ! ಎಲ್ಲಿ ಚುಚ್ಚಲಿ, ನನ್ನ ಕಿವಿಗಾ?" ಅಂತ ಕೂಗುತ್ತಿದ್ದರು. "ಅದಕ್ಕೆ ಬೇರೆ ಕನೆಕ್ಟರ್ ತಗೋಬೇಕು ಸಾರ್" ಅಂದಳು ಅಂಗಡಿ ಹುಡುಗಿ. ಕಾಲೇಜು ಹುಡುಗಿಯೊಬ್ಬಳು ವಾರದ ಹಿಂದೆ ಕೊಂಡದ್ದನ್ನು ವಾಪಸ್ ತಂದಿದ್ದಳು. ಬ್ಯಾಟರಿ ಇಡೀ ದಿನ ಅಂದಿದ್ದು ಮಧ್ಯಾಹ್ನಕ್ಕೇ ಸತ್ತುಹೋಗುತ್ತಂತೆ. "ಬೆಳಕು ಕಮ್ಮಿ ಇಟ್ಕೊಂಡ್ರೆ ಬರುತ್ತೆ ಮೇಡಂ." ಕತ್ತಲಲ್ಲಿ ಕೂತರೆ ಎಲ್ಲ ಬ್ಯಾಟರಿಯೂ ಬರುತ್ತೆ.

ನಮ್ಮ ಸರದಿ ಬಂತು. ಸವಿತಾ ತನ್ನ ಡ್ರಾಯಿಂಗ್ ಕೆಲಸದ ಬಗ್ಗೆ ಕೇಳಿದಳು.

"ಇದ್ರಲ್ಲಿ ಆಗಲ್ಲ ಮೇಡಂ," ಅಂಗಡಿ ಹುಡುಗಿ ನಾಜೂಕಾಗಿ ಹೇಳಿದಳು. "ಇದು ಸ್ಟೂಡೆಂಟ್ಸ್‌ಗೆ. ಡ್ರಾಯಿಂಗ್‌ಗೆ ಇದ್ರ ಮೇಲಿನ ಮಾಡೆಲ್ ಬೇಕು. ಅದು ಇನ್ನೂ ಬಂದಿಲ್ಲ, ಜನವರಿ ಅಂತಿದ್ದಾರೆ."

"ಟೀವಿಲಿ ಎಲ್ಲಾ ಆಗ್ತದೆ ಅಂದ್ರಲ್ಲಮ್ಮ?" ನಾನು ಕೇಳಿದೆ.

"ಅವ್ರು ತೋರಿಸಿದ್ದು ಮೇಲಿನ ಮಾಡೆಲ್ಲು, ಅಜ್ಜಿ. ರೇಟ್ ಹೇಳಿದ್ದು ಇದ್ರದ್ದು."

ಎಷ್ಟು ಚೆನ್ನಾಗಿ ಹೇಳಿದಳು ನೋಡಿ. ತೋರಿಸಿದ್ದು ಒಂದು, ರೇಟು ಹೇಳಿದ್ದು ಇನ್ನೊಂದು.

ಸವಿತಾ ಪರ್ಸಿನಿಂದ ಜೂನ್ ತಿಂಗಳ ಚೀಟಿ ತೆಗೆದು, "ಹೋಗ್ಲಿ, ಇದೇ ಕೊಡಿ" ಅಂದಳು. ಮಡಿಕೆಯ ಗೆರೆ ಸವೆದು ಚೀಟಿ ಎರಡು ತುಂಡಾಗುವುದರಲ್ಲಿತ್ತು.

"ಅಯ್ಯೋ, ಅದು ನಿಂತೋಯ್ತಲ್ಲ ಮೇಡಂ. ಹೊಸದು ಬಂತಲ್ಲ."

ಆಗ ನಾನು ಮಗನ ಮುಖ ನೋಡಿದೆ. ಮೇಷ್ಟ್ರು ಸಿಟ್ಟಿನಲ್ಲಿದ್ದರು, ಕಾಲೇಜು ಹುಡುಗಿ ಅಳುವುದರಲ್ಲಿದ್ದಳು, ಸವಿತಾ ಚೀಟಿಯನ್ನು ಮತ್ತೆ ಮಡಿಸಿ ಪರ್ಸಿಗೆ ಹಾಕುತ್ತಿದ್ದಳು. ಆ ಇಡೀ ಅಂಗಡಿಯಲ್ಲಿ ನಿರಾಸೆಯಾಗದ ಗಿರಾಕಿ ಒಬ್ಬನೇ. ಮದುವೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡವನ ಹಾಗೆ ನಿಂತಿದ್ದ ನನ್ನ ಮಗ.

"ನೋಡಿದ್ಯಾ?" ಅಂದ. "ಅವಸರ ಮಾಡಿದ್ರೆ ಮೋಸ ಹೋಗ್ತಿದ್ವಿ. ಜನವರಿ ತಾನೆ, ತಡಿ."

ಅಂಗಡಿಯ ಹೊರಗೆ ಸ್ಕೂಟರುಗಳ ಮಧ್ಯೆ ನಿಂತು ಸವಿತಾ ಪ್ರಭಾ ಮೇಡಂಗೆ ಫೋನ್ ಹಚ್ಚಿದಳು. ರಸ್ತೆ ಗಲಾಟೆಗೆ ಸ್ಪೀಕರ್ ಹಾಕಿದ್ದಳು, ನನಗೂ ಕೇಳಿಸಿತು.

"ಎಷ್ಟು ಸಲ ಕೇಳಿದೆ ಹೇಳಮ್ಮ? ಕಟ್ಟಿಸೋರು ಕಾಯ್ತಾರಾ? ಯಾದವಗಿರೀಲಿ ಒಂದು ಹುಡುಗಿ ಇದ್ದಾಳೆ, ಅವಳಿಗೆ ಕೊಟ್ಟುಬಿಟ್ಟೆ. ಬೇಜಾರ್ ಮಾಡ್ಕೋಬೇಡ."

"ಅವ್ರ ಹತ್ರ ಹೊಸ ಮಾಡೆಲ್ ಇದ್ಯಾ ಮೇಡಂ?"

"ಎಲ್ಲಿಂದು! ಅವ್ರಣ್ಣ ಬಿಸಾಕಿದ್ದ ಹಳೇದು. ನಿಧಾನ, ಆದ್ರೆ ಕೆಲಸ ಆಗ್ತಿದೆ."

ಸವಿತಾ ಫೋನ್ ಇಟ್ಟಳು. ಅಳಲಿಲ್ಲ. ನನ್ನ ಬಳೆ ಮಾರಿ ಅವಳಿಗೆ ಕಂಪ್ಯೂಟರ್ ಕೊಡಿಸಿದೆ ಅಂತ ಬರೆದರೆ ಓದುವ ನಿಮಗೆ ಹಿತವಾಗಿರುತ್ತೆ. ಅದೆಲ್ಲ ಆಗಲಿಲ್ಲ. ಕೆಲಸವೇ ಹೋದ ಮೇಲೆ ಕಂಪ್ಯೂಟರ್ ತಂದು ಏನು ಮಾಡುವುದು? ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಕೂರಿಸುವುದಾ?

ಮನೆಗೆ ಬಂದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. "ಲೋ ಮಾದೇವ, ಅವಳು ದುಡಿಯೋದು ನಿಂಗೆ ಇಷ್ಟ ಇಲ್ವಾ? ನಿಜ ಹೇಳ್ಬುಡು."

"ಅಯ್ಯೋ ಅವ್ವ! ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಕೇಳು ಅವಳನ್ನೇ."

ಸವಿತಾ ಮಗುವಿನ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸಲಿಲ್ಲ.

"ಇಲ್ಲ ಅತ್ತೆ, ಒಂದ್ಸಲಾನೂ ಬೇಡ ಅಂದಿಲ್ಲ. ಅಂದಿದ್ರೆ ಜೂನ್‌ನಲ್ಲೇ ನಾನೇ ಹೋಗಿ ತಂದ್ಬುಡ್ತಿದ್ದೆ."

ಮಗ ಟೀವಿ ರಿಮೋಟ್ ಹುಡುಕತೊಡಗಿದ. ಬೈಯುವುದಕ್ಕೆ ನನಗಾದರೂ ಯಾವ ಮುಖ? ಆಷಾಢ ಅಂದವಳು ನಾನೇ ಅಲ್ಲವಾ?

ನನ್ನ ಗಂಡ ಬೇಡ ಅನ್ನಬೇಕಾದರೆ ಬೇಡ ಅನ್ನುತ್ತಿದ್ದ, ಬೀದಿಗೆ ಕೇಳುವ ಹಾಗೆ. ನಾನೂ ಬೀದಿಗೆ ಕೇಳುವ ಹಾಗೆ ತಿರುಗಿಸಿ ಅನ್ನುತ್ತಿದ್ದೆ. ಎಷ್ಟೋ ಸಲ ಗೆದ್ದಿದ್ದೇನೆ. ಈಗಿನವರು ಬೇಡ ಅನ್ನುವುದೇ ಇಲ್ಲ, ಮೆತ್ತಗೆ ನಗುತ್ತ ತಡಿ ಅನ್ನುತ್ತಾರೆ. ಅವರ ಜೊತೆ ಜಗಳ ಎಲ್ಲಿಂದ ಶುರು ಮಾಡುವುದು?

ಕಂಪನಿಯವನು ಎಷ್ಟೇ ಸುಳ್ಳು ಸಾರಿದರೂ ಕೊನೆಗೊಂದು ದಿನ ಸಾಮಾನು ತಂದು ಅಂಗಡಿಯಲ್ಲಿ ಇಡಲೇಬೇಕು. ಮನೆಯ ಗಂಡಸಿಗೆ ಆ ತಾಪತ್ರಯವಾದರೂ ಎಲ್ಲಿದೆ?