ಅನೇರೋಬಿಕ್ ಮೇಸ್ತ್ರಿ

ಮೊನ್ನೆ ಶಿಕಾರಿಪುರದಿಂದ ಅಂಬ್ಲಿಗೊಳದ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಯಾರೋ ಗದ್ದೆಗೆ ಗೋಬರ್ ಗ್ಯಾಸ್ ಗುಂಡಿಯ ಬಗ್ಗಡ ಬಿಡುತ್ತಿದ್ದರು. ಪಕ್ಕದ ಸೀಟಿನಾಕೆ ಮೂಗಿಗೆ ಸೆರಗು ಹಿಡಿದಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಆ ವಾಸನೆಗೆ ನಮ್ಮ ಗ್ಯಾಸ್ ಮೇಸ್ತ್ರಿ ನೆನಪಾದರು...

ಸೊರಬ ತಾಲ್ಲೂಕಿನ ನಮ್ಮೂರಿಗೆ ಗೋಬರ್ ಗ್ಯಾಸ್ ಬಂದಿದ್ದೇ ಅವರಿಂದ. ಎಲ್ಲೋ ತರಬೇತಿಗೆ ಹೋಗಿ ಕಲಿತುಬಂದಿದ್ದ ಒಂದು ಇಂಗ್ಲಿಷ್ ಪದ ಅವರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ನಮ್ಮ ಗುಂಡಿಗೆ ಕೊನೆಯ ಗಾರೆ ಮೆತ್ತಿ ಕೈ ತೊಳೆಯುತ್ತಾ ಅಪ್ಪನಿಗೆ ಹೇಳಿದ್ದರು: “ಯಜಮಾನ್ರೇ, ನಿಮ್ಮ ಗುಂಡಿ ಪಕ್ಕಾ ಅನೇರೋಬಿಕ್ ಆಗೈತ್ರಿ.”

ಹೇಳಿದ ಧಾಟಿಗೆ ಅಪ್ಪ ಅದನ್ನು ‘ಫಸ್ಟ್ ಕ್ಲಾಸ್’ ಅಂತಲೇ ತಿಳಿದುಕೊಂಡ. ಅವತ್ತಿನಿಂದ ನಮ್ಮ ಮನೆಯಲ್ಲಿ ಚೆನ್ನಾಗಿರುವುದೆಲ್ಲ ಅನೇರೋಬಿಕ್. ಹಾಲು ಕೊಡುವ ಎಮ್ಮೆ ಅನೇರೋಬಿಕ್, ಅಮ್ಮನ ಉಪ್ಪಿನಕಾಯಿ ಅನೇರೋಬಿಕ್. ಚಂದ್ರಗುತ್ತಿಯಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ, “ನಮ್ಮ ಹುಡುಗಿ ಅನೇರೋಬಿಕ್” ಅಂದುಬಿಟ್ಟ ಪುಣ್ಯಾತ್ಮ. ಹೈಸ್ಕೂಲಿನಲ್ಲಿದ್ದ ನಾನು ಕನ್ನಡ ಮೀಡಿಯಂ. ‘ಆಮ್ಲಜನಕರಹಿತ’ ಅಂತ ಬಾಯಿಪಾಠ ಮಾಡಿದ್ದೆ. ಎರಡೂ ಒಂದೇ ಅಂತ ನನಗೇನು ಗೊತ್ತು?

ಎರಡು ವರ್ಷಕ್ಕೆ ಒಲೆಯ ಉರಿ ಸಣ್ಣಗಾಯಿತು. ಅಮ್ಮ ಮೇಸ್ತ್ರಿಗೆ ಹೇಳಿಕಳಿಸಿದಳು. ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿ? ಮುಚ್ಚಳ ತೆಗೆಸಿ, ಬಗ್ಗಡ ಮೊಗೆಸಿ, ತಳದ ಹೂಳು ತಾನೇ ಎತ್ತುತ್ತೇನೆಂದು ಏಣಿ ಇಳಿಸಿದ. ಅಮ್ಮ ಬೇಡವೆಂದರೆ, “ಅನೇರೋಬಿಕ್ ಗುಂಡಿ ಕಣೇ ಇದು, ಏನಾಗ್ತದೆ?” ಅಂತ ಕಾಲಿಟ್ಟೇಬಿಟ್ಟ. ಅದೇ ಹೊತ್ತಿಗೆ ಬಂದ ಮೇಸ್ತ್ರಿ ಸೈಕಲ್ ಬಿಸಾಡಿ ಓಡಿಬಂದು ಅಪ್ಪನ ರಟ್ಟೆ ಹಿಡಿದು ಮೇಲಕ್ಕೆಳೆದರು.

ಬಾಯಿಮಾತಿಗೆ ಅಪ್ಪ ಬಗ್ಗಲಿಲ್ಲ. ಮೇಸ್ತ್ರಿ ನಮ್ಮದೇ ಕೋಳಿಯೊಂದನ್ನು ಬುಟ್ಟಿಗೆ ಕಟ್ಟಿ ಹಗ್ಗದಲ್ಲಿ ಒಳಗಿಳಿಸಿದರು. ಸ್ವಲ್ಪ ಹೊತ್ತಿಗೆ ಎಳೆದಾಗ ಅದರ ಕತ್ತು ವಾಲಿತ್ತು.

“ಅನೇರೋಬಿಕ್ ಅಂದ್ರೆ ಒಳಗೆ ಪ್ರಾಣವಾಯು ಇಲ್ಲ ಅಂತ್ರೀ. ಗ್ಯಾಸ್ ಮಾಡೋ ಹುಳಕ್ಕೆ ಅದೇ ಚೆಂದ. ಮನುಷ್ಯರಿಗಲ್ಲ,” ಅಂದು ಮೇಸ್ತ್ರಿ ಅಲ್ಲೇ ಕುಸಿದು ಕೂತರು. “ಅರ್ಥ ಹೇಳ್ದೇ ಪದ ಕೊಟ್ಟುಬಿಟ್ಟೆ. ತಪ್ಪು ನಂದೇ.”

ಜೀವ ಉಳಿಸಿದವರಿಗೆ ಅಪ್ಪ ಒಂದು ಒಳ್ಳೆ ಮಾತೂ ಆಡಲಿಲ್ಲ. ವಾರದೊಳಗೆ ಊರೆಲ್ಲ ‘ಅನೇರೋಬಿಕ್ ಎಮ್ಮೆ’ ಅಂತ ನಗತೊಡಗಿತು. ಆ ಮುಖಭಂಗಕ್ಕೆ ಅಪ್ಪ ಮೇಸ್ತ್ರಿಯನ್ನು ಮತ್ತೆ ಕರೆಸಲೇ ಇಲ್ಲ. ಅವರೂ ನಮ್ಮೂರ ಕಡೆ ತಲೆ ಹಾಕಲಿಲ್ಲ... ದೊಡ್ಡವಳಾದ ಮೇಲೆ ನಾನಾದರೂ ಹೋಗಿ ಮಾತಾಡಿಸಬಹುದಿತ್ತು. ನಾಳೆ ನಾಳೆ ಅಂತಲೇ ಇದ್ದೆ.

ಮೊನ್ನೆ ಬಸ್ಸಿನಲ್ಲೇ ವಿಚಾರಿಸಿಕೊಂಡು, ದಾರಿಯಲ್ಲಿದ್ದ ಅವರೂರಿನಲ್ಲಿ ಇಳಿದೆ. ಮೇಸ್ತ್ರಿ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಹೆಂಡತಿ ನೀರು ಕೊಟ್ಟರು. ಗ್ಯಾಸ್ ಗುಂಡಿ ಕಟ್ಟಿಸಿಕೊಂಡವರ ಮಗಳು ಅಂದೆ.

“ಎಲ್ಲಿ ಗುಂಡಿ ಕಟ್ಟಿದ್ರೂ ಮೊದ್ಲು ಆ ಇಂಗ್ಲಿಷ್ ಪದದ ಅರ್ಥ ಹೇಳೋರವ್ವಾ,” ಅಂದರು. “ಸೊರಬದ ಕಡೆ ಒಬ್ಬ ಯಜಮಾನ್ರು ನನ್ನಿಂದ ಸಾಯ್ತಿದ್ರು ಅಂತ ಕೊನೇತನಕ ಕೊರಗಿದ್ರು.”

ನಾನು ನೀರಿನ ಲೋಟ ಕೆಳಗಿಟ್ಟೆ. ಆ ಯಜಮಾನರು ನಮ್ಮಪ್ಪನೇ, ಈಗ ಎಂಬತ್ತೆರಡು, ಇವತ್ತು ಬೆಳಿಗ್ಗೆ ಕೂಡ ಕಾಫಿಗೆ ಸಕ್ಕರೆ ಸಾಲದೆಂದು ಜಗಳ ತೆಗೆದಿದ್ದಾರೆ ಅಂದೆ. ನಿಮ್ಮ ಯಜಮಾನರು ಉಳಿಸಿಕೊಟ್ಟ ಜೀವ ಅದು ಅಂದೆ.

ಆಕೆ ಗೋಡೆಯ ಫೋಟೋದ ಕಡೆ ತಿರುಗಿ ಮೆಲ್ಲಗೆ ಅಂದರು: “ಕೇಳಿಸ್ತಾ, ರೀ? ಅವ್ರು ಇನ್ನೂ ಅದಾರಂತೆ.”